ಕೊಟ್ರಮ್ಮ ಮಾಡಿದ ಸೂಪು

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ ರಾಮಗಿರಿಯಲ್ಲಿ ಜೇಬಿನ ಗಡಿಯಾರ ಇದ್ದದ್ದು ಇಬ್ಬರ ಹತ್ತಿರ. ಒಬ್ಬರು ಸ್ಟೇಷನ್ ಮಾಸ್ತರರು, ಇನ್ನೊಬ್ಬರು ಕೊಬ್ಬರಿ ವ್ಯಾಪಾರದ ಮುರುಗಪ್ಪನವರು. ರೈಲು ಮಾಸ್ತರರ ಗಡಿಯಾರಕ್ಕೆ ಸರಿಯಾಗಿ ಬಂದು ಮುರುಗಪ್ಪನವರ ಗಡಿಯಾರಕ್ಕೆ ತಪ್ಪಿದರೆ, ಮುರುಗಪ್ಪನವರು ರೈಲನ್ನು ಕ್ಷಮಿಸಿಬಿಡುತ್ತಿದ್ದರು. ತಮ್ಮ ಗಡಿಯಾರದ ಮುಳ್ಳು ತಿರುಗಿಸುವ ಯೋಚನೆ ಅವರಿಗೆ ಯಾವತ್ತೂ ಬಂದದ್ದಿಲ್ಲ. ತಾಲ್ಲೂಕು ಬೋರ್ಡಿಗೆ ಮೆಂಬರಾಗಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಮೆಂಬರಿಕೆ ಇನ್ನೂ ಬಂದಿರಲಿಲ್ಲ. ಬಂದ ದಿನ ತಡವಾಗಬಾರದೆಂದು ಸಹಿಯನ್ನು ಮಾತ್ರ ಅಭ್ಯಾಸ ಮಾಡಿಟ್ಟುಕೊಂಡಿದ್ದರು.

ಇದು ಮುರುಗಪ್ಪನವರ ಕಥೆಯಲ್ಲ, ಅವರ ಅತ್ತಿಗೆ ಕೊಟ್ರಮ್ಮನ ಕಥೆ. ಆದರೆ ಮುರುಗಪ್ಪನವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಅಡ್ಡವಾಗಿಯೇ ಕೂರುತ್ತಿದ್ದರು. ಅವರನ್ನು ದಾಟದೆ ಆ ಮನೆಯೊಳಗೆ ನೆಂಟರಿಗೂ ದಾರಿಯಿರಲಿಲ್ಲ, ಕಥೆಗೂ ಇಲ್ಲ.

ಕೊಟ್ರಮ್ಮ ಹೊಸದುರ್ಗದ ಹೆಣ್ಣು. ಹನ್ನೆರಡನೆಯ ವಯಸ್ಸಿಗೆ ಈ ಮನೆಯ ಹಿರಿಯ ಮಗ ಮರುಳಸಿದ್ದಪ್ಪನಿಗೆ ತಂದುಕೊಂಡರು. ಮರುಳಸಿದ್ದಪ್ಪ ಹಿರಿಯನಾದರೂ ಕುರ್ಚಿಯಲ್ಲಿ ಕೂತವನಲ್ಲ, ಗಾಡಿಯ ಮೂಕಿಯ ಮೇಲೆ ಕೂತವನು. ಮಕ್ಕಳಾಗಲಿಲ್ಲ. ಮಾರಿಕಣಿವೆಗೆ ಕಲ್ಲು ಸುಣ್ಣ ಹೇರಲು ಗಾಡಿ ಬೇಕೆಂದು ಕರೆ ಬಂದಾಗ ಎರಡು ಗಾಡಿ ಹೊಡೆದುಕೊಂಡು ಹೋದ. ಮೂರು ತಿಂಗಳಿಗೆ ಮೈ ಕೆಂಡದಂಥ ಜ್ವರ ಹೊತ್ತುಕೊಂಡು ಬಂದ. ಐದನೆಯ ದಿನ ಹೋಗಿಬಿಟ್ಟ. ಅಷ್ಟರಲ್ಲಿ ಅದೇ ಜ್ವರ ಕೊಟ್ರಮ್ಮನನ್ನು ಹಿಡಿದಿತ್ತು. ಗಂಡನನ್ನು ಮಣ್ಣು ಮಾಡಿ ಬಂದದ್ದು, ಬಳಗ ಬಂದು ಅತ್ತು ಉಂಡು ಹೋದದ್ದು, ಯಾವುದೂ ಅವಳಿಗೆ ತಿಳಿಯದು. ಇಪ್ಪತ್ತನೆಯ ದಿನ ಕಣ್ಣು ಬಿಟ್ಟು ಎದ್ದು ಕೂತಾಗ ಅತ್ತೆ ದ್ಯಾಮಮ್ಮ ಹತ್ತಿರ ಬಂದು, “ಕೊಟ್ರಿ, ಮರುಳ ಹೋದ ಕಣೇ” ಎಂದಳು. ಕೊಟ್ರಮ್ಮ ಅತ್ತೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹಾಲಿಗೆ ಹೆಪ್ಪು ಹಾಕಿದ್ರಾ?” ಎಂದು ಕೇಳಿದಳು.

ಈ ಮಾತು ಊರಿಗೆಲ್ಲ ಗೊತ್ತಾಯಿತು. ದ್ಯಾಮಮ್ಮನೇ ಬಾವಿಕಟ್ಟೆಗೆ ಹೋದಾಗಲೆಲ್ಲ ಹೇಳಿದಳು. ಗಂಡ ಸತ್ತರೆ ಕಣ್ಣಲ್ಲಿ ಒಂದು ಹನಿ ಇಲ್ಲ, ಹೆಪ್ಪಿನ ಚಿಂತೆ ನೋಡಿ ಇವಳಿಗೆ, ಎಂದು. ಊರಿನವರು ಕೊಟ್ರಮ್ಮ ಯಾವಾಗ ಅಳುತ್ತಾಳೆ ಎಂದು ಆರು ತಿಂಗಳು ಕಾದರು, ಆಮೇಲೆ ಅವರಿಗೂ ಬೇರೆ ಕೆಲಸ ಬಂತು.

ಆ ವರ್ಷ ಯುಗಾದಿಗೆ ಬೇವುಬೆಲ್ಲ ಕೈಗೆ ಕೊಟ್ಟರು. ಕೊಟ್ರಮ್ಮ ಬಾಯಿಗೆ ಹಾಕಿಕೊಂಡಳು. ಬೇವು ಕಹಿಯಾಗಲಿಲ್ಲ, ಬೆಲ್ಲ ಸಿಹಿಯಾಗಲಿಲ್ಲ. ಬಾಯಲ್ಲಿ ಏನೋ ಒಂದಿಷ್ಟು ಕರಗಿ ಹೋಯಿತು, ಅಷ್ಟೆ. ಕಹಿ ಸಿಹಿ ಎರಡನ್ನೂ ಒಂದೇ ಸಮ ಕಾಣಬೇಕೆಂದು ಮಠದಲ್ಲಿ ವರ್ಷಾ ವರ್ಷಾ ಹೇಳುತ್ತಾರೆ. ಹೇಳಿದವರೇ ಆಮೇಲೆ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಕೇಳುತ್ತಾರೆ. ಕೊಟ್ರಮ್ಮನಿಗೆ ಆ ಪದವಿ ಇಪ್ಪತ್ತು ದಿನದ ಜ್ವರದಲ್ಲಿ ಪುಕ್ಕಟೆ ಸಿಕ್ಕಿಬಿಟ್ಟಿತ್ತು. ಒಳಗೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಉಪ್ಪಿನ ಹರಳು ನಾಲಗೆಯ ಮೇಲಿಟ್ಟುಕೊಂಡಳು. ಕಲ್ಲು. ಮೆಣಸು ಕಡಿದರೆ ನಾಲಗೆ ಉರಿಯುವುದೊಂದು ತಿಳಿಯುತ್ತಿತ್ತು, ಆದರೆ ಅದು ರುಚಿಯಲ್ಲ, ಪೆಟ್ಟು. ಡಬ್ಬಿ ಮುಚ್ಚಿ ಮೇಲಿಟ್ಟಳು. ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ಅಡುಗೆ ಅವಳದು. ಒಲೆಯ ಮುಂದೆ ಕೂತವಳನ್ನು ಯಾರೂ ಏನೂ ಕೇಳುವುದಿಲ್ಲ. ಯಾಕೆ ಸುಮ್ಮನಿದ್ದೀಯ ಎನ್ನುವುದಿಲ್ಲ, ಯಾಕೆ ಅಳಲಿಲ್ಲ ಎನ್ನುವುದಿಲ್ಲ. ಅನ್ನ ಆಯಿತಾ ಎಂದು ಮಾತ್ರ ಕೇಳುತ್ತಾರೆ, ಅದಕ್ಕೆ ಉತ್ತರ ಇರುತ್ತದೆ. ಒಲೆ ಬಿಟ್ಟರೆ ಅವಳಿಗೆ ಉಳಿದದ್ದು ಹೊಸದುರ್ಗದ ಅಣ್ಣನ ಮನೆ. ಅಲ್ಲಿ ಅಣ್ಣನ ಹೆಂಡತಿಯೂ ಇಬ್ಬರು ಸೊಸೆಯರೂ ಒಂದೇ ಒಲೆಗೆ ಜಗಳವಾಡುತ್ತಿದ್ದರು. ಅಲ್ಲಿ ಅವಳಿಗೆ ಸಿಗುವುದು ನಡುಮನೆಯ ಮೂಲೆ, ಒಂದು ಚಾಪೆ, ಮತ್ತು ಬಂದು ಹೋಗುವವರೆಲ್ಲ ಕುಕ್ಕರುಗಾಲಲ್ಲಿ ಕೂತು ಕೇಳುವ “ಹೆಂಗಾತವ್ವ ನಿನ್ ಗಂಡಂಗೆ?” ಅದೊಂದು ಅವಳಿಗೆ ಬೇಡವಾಗಿತ್ತು. ಬೇಕು ಎನ್ನಿಸುವುದೆಲ್ಲ ಹೋಗಿತ್ತು. ಬೇಡ ಎನ್ನಿಸುವುದು ಇದೊಂದು ಉಳಿದಿತ್ತು.

ರುಚಿ ವಾಸನೆ ಎರಡೂ ಇಲ್ಲದವಳು ಎರಡು ವರ್ಷ ಅಡುಗೆ ಮಾಡಿ ಸಿಕ್ಕಿಬೀಳಲಿಲ್ಲವೆ ಎಂದು ಕೇಳಬಹುದು. ನಮ್ಮ ಕಡೆ ಅಡುಗೆ ಮಾಡುವವರು ಮೊದಲು ರುಚಿ ನೋಡುವ ಹಾಗಿಲ್ಲ. ಲಿಂಗಕ್ಕೆ ತೋರಿಸುವ ಮುಂಚೆ ಬಾಯಿಗಿಟ್ಟರೆ ಪಾತ್ರೆಯೆಲ್ಲ ಎಂಜಲು. ಒಳ್ಳೆಯ ನಾಲಗೆಯಿದ್ದವರೂ ಕಣ್ಣಳತೆ ಕೈಯಳತೆಯಲ್ಲೇ ಉಪ್ಪು ಹಾಕಬೇಕು. ಹಾಗಾಗಿ ಕೊಟ್ರಮ್ಮ ನಾಲಗೆಯಿಲ್ಲದೆ ಮಾಡಿದ್ದನ್ನು ಉಳಿದ ಹೆಂಗಸರು ನಾಲಗೆ ಇಟ್ಟುಕೊಂಡು ಮಾಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಕೈ. ಅಂಗೈ ಗುಳಿಗೆ ಎಷ್ಟು ಉಪ್ಪು ಕೂತರೆ ಎಷ್ಟು ಜನಕ್ಕೆ ಎಂದು ಕೈಗೆ ಗೊತ್ತಿತ್ತು. ಸಾಸಿವೆ ಸಿಡಿಯುವುದು ಕಿವಿಗೆ ಗೊತ್ತಿತ್ತು. ಹಾಲು ಕೆಟ್ಟಿದೆಯೇ ಎಂದು ಬೆಕ್ಕಿಗೆ ಗೊತ್ತಿತ್ತು. ಅದರ ಮುಂದೆ ಒಂದು ಚಿಪ್ಪಿನಲ್ಲಿ ಇಟ್ಟು ನೋಡುತ್ತಿದ್ದಳು. ಇನ್ನು ಸೀಯುವ ವಾಸನೆ. ಅದಕ್ಕೆ ಅತ್ತೆ ದ್ಯಾಮಮ್ಮ ಇದ್ದಳು. ದಿನವೆಲ್ಲ ಅಡುಗೆಮನೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂತು, “ಏನೇ, ಬೆಳ್ಳುಳ್ಳಿ ಕಪ್ಪಾತು ಕಣೇ, ಗ್ಯಾನ ಎಲ್ಲೈತೆ?” ಎಂದು ಬೈಯುತ್ತಲೇ ಇರುತ್ತಿದ್ದಳು. ಬೈಸಿಕೊಂಡಾಗ ಕೊಟ್ರಮ್ಮ ಪಾತ್ರೆ ಇಳಿಸುತ್ತಿದ್ದಳು. ಅತ್ತೆಯ ಬೈಗುಳ ಇಷ್ಟು ಉಪಯೋಗಕ್ಕೆ ಬಂದ ಸೊಸೆ ನಮ್ಮ ಸೀಮೆಯಲ್ಲಿ ಇನ್ನೊಬ್ಬಳಿಲ್ಲ.

ಎರಡನೆಯ ವರ್ಷದ ದೀಪಾವಳಿಗೆ ದ್ಯಾಮಮ್ಮ ಭೀಮಸಮುದ್ರದ ಮಗಳ ಮನೆಗೆ ಹೋದಳು. ಇಲ್ಲಿ ಹೋಳಿಗೆಯ ಮೇಲೆ ಕಮಟು ತುಪ್ಪ ಬಿತ್ತು. ಮಕ್ಕಳು ಉಗುಳಿದರು. ಮುರುಗಪ್ಪನವರು ಉಗುಳಲಿಲ್ಲ, ಎದ್ದು ನಿಂತು ತೀರ್ಪು ಹೇಳಿದರು. ಅತ್ತಿಗೆಗೆ ಗ್ಯಾನ ನಿಲ್ಲುತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ಹೊಸದುರ್ಗಕ್ಕೆ ಬಿಟ್ಟು ಬರಾಣ, ಅಡುಗೆ ದಾಕ್ಷಾಯಣಿ ನೋಡಿಕೊಳ್ಳಲಿ. ಅವರ ಹೆಂಡತಿ ದಾಕ್ಷಾಯಣಮ್ಮ ಆ ಮಾತಿಗೆ ಸಂತೋಷಪಟ್ಟಳೋ ಗಾಬರಿಯಾದಳೋ ಹೇಳುವುದು ಕಷ್ಟ. ಅವಳು ಅಡುಗೆ ಮಾಡಿದ ದಿನ ಆಳುಗಳೂ ಮನೆಗೆ ಹೋಗಿ ಉಣ್ಣುತ್ತಿದ್ದರು.

ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇರುವಾಗ ಹಿರಿಯೂರಿನಿಂದ ನಾಗರಾಜಪ್ಪನವರ ಕಾಗದ ಬಂತು. ಇವರು ದಾಕ್ಷಾಯಣಮ್ಮನ ಸೋದರಮಾವ, ಮಾರಿಕಣಿವೆಗೆ ಕಲ್ಲು ಒದಗಿಸುವ ಕಂಟ್ರಾಕ್ಟರು. ಇಂಜಿನಿಯರ್ ದೊರೆಗಳ ಬಂಗಲೆಗೆ ಹೋಗಿ ಬರುವವರು. ಎಲ್ಲಿಯವರೆಗೆ ಹೋಗುತ್ತಿದ್ದರು, ಮೇಜಿನವರೆಗೋ ವರಾಂಡದವರೆಗೋ, ಎಂದು ಅವರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಇಂಗ್ಲಿಷಿನ ಆರು ಮಾತು ಬರುತ್ತಿದ್ದವು, ಆರನ್ನೂ ದಿನಾ ಬಳಸುತ್ತಿದ್ದರು. ಅವರು ಜಿಲ್ಲೆಯ ದೊಡ್ಡವರ ಕಿವಿಯಲ್ಲಿ ಒಂದು ಮಾತು ಹಾಕಿದರೆ ತಮ್ಮ ಮೆಂಬರಿಕೆ ಬಂದಂತೆಯೇ ಎಂದು ಮುರುಗಪ್ಪನವರು ನಂಬಿದ್ದರು. ಸೋಮವಾರ ರೈಲಿಗೆ ಬಂದು ಊಟ ಮಾಡಿ ಹೋಗುತ್ತೇನೆ ಎಂದು ಕಾಗದ ಹೇಳುತ್ತಿತ್ತು. ಕೆಳಗೆ ಇನ್ನೊಂದು ಸಾಲು: ಈಗೀಗ ತಮಗೆ ಊಟಕ್ಕೆ ಮುಂಚೆ ಆಲೂಗಡ್ಡೆ ಸೂಪಿನ ಅಭ್ಯಾಸವಾಗಿದೆ, ದೊರೆಗಳ ಸಹವಾಸ. ಅದನ್ನು ಮಾಡುವ ಬಗೆಯನ್ನೂ ಎರಡು ಸಾಲಿನಲ್ಲಿ ಬರೆದಿದ್ದರು.

ಮುರುಗಪ್ಪನವರು ಕಾಗದ ಹಿಡಿದುಕೊಂಡು ಅಡುಗೆಮನೆಯ ಹೊಸಿಲಿಗೆ ಬಂದರು.

“ಅತ್ತಿಗೆ, ಕೇಳ್ರಿ ಇಲ್ಲಿ. ಆಲೂಗಡ್ಡೆ ಬೇಯಿಸ್ಬೇಕು. ಬೆಣ್ಣೆ ಹಂಗೆ ನುರೀಬೇಕು. ಹಾಲು ಹಾಕ್ಬೇಕು, ಕೆನೆ ಹಾಕ್ಬೇಕು. ಮೆಣಸು ಮುಂದಿರ್ಬೇಕು. ಮಂದ ಇರ್ಬೇಕು, ಕುಡಿಯಾಕೂ ಬರ್ಬೇಕು.”

ಮಣೆಯ ಮೇಲಿದ್ದ ದ್ಯಾಮಮ್ಮ, “ಅಂಬಲಿ ಅನ್ನು” ಎಂದಳು.

“ಅಂಬಲಿ ಅಲ್ಲವ್ವ. ಸೂಪು.”

“ಮಂದ ಇರ್ಬೇಕು ಅಂತೀಯ, ಕುಡಿಯಾಕೆ ಬರ್ಬೇಕು ಅಂತೀಯ. ಅಂಬಲಿ ಅಲ್ದೆ ಇನ್ನೇನ್ಲಾ ಅದು?”

“ಅಂಬಲಿ ಕುಡಿದೋರು ಹೊಲಕ್ಕೆ ಹೋಗ್ತಾರೆ. ಸೂಪು ಕುಡಿದೋರು ಕುರ್ಚಿ ಮ್ಯಾಲೆ ಕುಂತ್ಕಂತಾರೆ.”

“ಕುಂತ್ಕಂಡು?”

ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರವಿರಲಿಲ್ಲ. ಕೊಟ್ರಮ್ಮ ಕೇಳಿದಳು: “ಒಗ್ಗರಣೆ?”

ಮುರುಗಪ್ಪನವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. “ಬರ್ದಿಲ್ಲ.”

“ಉಪ್ಪು?”

“ಅದ್ನೂ ಬರ್ದಿಲ್ಲ.” ಸ್ವಲ್ಪ ಯೋಚಿಸಿ, “ಹಾಕ್ರಿ. ದೊರೆಗಳಾದ್ರೂ ಉಪ್ಪು ತಿಂತಾರೆ” ಎಂದರು. ಆಮೇಲೆ ದನಿ ತಗ್ಗಿಸಿದರು. “ನೋಡ್ರಿ ಅತ್ತಿಗೆ, ಇದೊಂದು ಸರಿಯಾಗ್ಲಿ. ದೀಪಾವಳಿ ತುಪ್ಪದಂಗೆ ಏನಾರ ಆದ್ರೆ...”

“ಸಂಕ್ರಾಂತಿ ತಂಕನೂ ಕಾಯಲ್ಲ, ಮಂಗಳವಾರನೇ ಹೊಸದುರ್ಗಕ್ಕೆ ಗಾಡಿ ಕಟ್ಟಿಸ್ತೀಯ.”

“ನಾನೆಲ್ಲಿ ಹಂಗಂದೆ?”

“ಇಲ್ಲಪ್ಪ, ನೀನು ಅನ್ನಾಕಿದ್ದೆ. ನಾನೇ ಅಂದೆ.” ಬೇರೆ ಊರಿನ ಸುದ್ದಿ ಹೇಳುವವಳ ಹಾಗೆ ಹೇಳಿ ಕೊಟ್ರಮ್ಮ ಒಲೆಗೆ ಸೌದೆ ಮುಂದೂಡಿದಳು. “ಆದ್ರೆ ಇರ್ತೀನಿ, ಆಗ್ದಿದ್ರೆ ಹೋಗ್ತೀನಿ. ಆಲೂಗಡ್ಡೆ ತರ್ಸು.”

ಬೆಂಗಳೂರಿನಿಂದ ರೈಲಿನಲ್ಲಿ ಒಂದು ಸಣ್ಣ ಚೀಲ ಬಂತು. ಆ ಮನೆಯಲ್ಲಿ ಆಲೂಗಡ್ಡೆಯನ್ನು ಅದುವರೆಗೆ ಎರಡೋ ಮೂರೋ ಸಲ ಪಲ್ಯ ಮಾಡಿದ್ದರು, ಅಷ್ಟೆ. ಕೊಟ್ರಮ್ಮನ ತೊಂದರೆ ಬೇರೆ ತರಹದ್ದು. ಹುರುಳಿ ಸಾರು, ಮುದ್ದೆ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಇವುಗಳ ರುಚಿ ನಾಲಗೆಯಿಂದ ಹೋಗಿದ್ದರೂ ಕೈಯಲ್ಲಿ ಉಳಿದಿತ್ತು. ಸೂಪು ಕೈಗೂ ಗೊತ್ತಿಲ್ಲ. ಆದರೆ ಅವಳು ಇನ್ನೊಂದನ್ನೂ ಲೆಕ್ಕ ಹಾಕಿದ್ದಳು: ಈ ಮನೆಯಲ್ಲಿ ಅದನ್ನು ಯಾರೂ ತಿಂದಿಲ್ಲ. ಎರಡು ವರ್ಷದಲ್ಲಿ ಮೊದಲನೆಯ ಸಲ ಎಲ್ಲರೂ ಅವಳಷ್ಟೇ ಕುರುಡರು. ಬರುವವರೊಬ್ಬರನ್ನು ಬಿಟ್ಟು.

ಸೋಮವಾರ ಬೆಳಗ್ಗೆ ಗೊಲ್ಲಪ್ಪ ಹಾಲು ತಂದ. “ಈಗ ಕರೆದದ್ದು ತಾಯಿ. ಬೇಕಾದ್ರೆ ವಾಸನೆ ನೋಡ್ರಿ.”

“ನೀನೇ ನೋಡಿ ಕೊಡು” ಎಂದಳು. ಗೊಲ್ಲಪ್ಪ ಇದನ್ನು ತನ್ನ ಮೇಲಿನ ನಂಬಿಕೆ ಎಂದು ತಿಳಿದು ಅರ್ಧ ಪಾವು ಹೆಚ್ಚಿಗೆ ಹಾಕಿ ಹೋದ.

ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿದಳು. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಇಳಿಯಿತು. ಬಿಸಿಬಿಸಿಯಾಗಿಯೇ ಸಿಪ್ಪೆ ಸುಲಿದು ಕಡಗೋಲಿನಿಂದ ನುರಿದಳು, ಕೈಗೆ ಒಂದು ಗಂಟೂ ಸಿಗದ ಹಾಗೆ. ತಪ್ಪಲೆಯಲ್ಲಿ ಬೆಣ್ಣೆ ಕರಗಿಸಿ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಎರಡು ಹಸಿಮೆಣಸಿನಕಾಯಿ ಹಾಕಿದಳು. ಕಾಗದದಲ್ಲಿ ಇಲ್ಲದಿದ್ದರೂ ಕೈ ಸುಮ್ಮನಿರಲಿಲ್ಲ. ಆಮೇಲೆ ಆಲೂಗಡ್ಡೆ, ಅದನ್ನು ಸಡಿಲ ಮಾಡುವಷ್ಟು ಬಿಸಿನೀರು, ಹಾಲು. ಮೆಣಸನ್ನು ಕಲ್ಲಿನ ಮೇಲೆ ತರಿತರಿಯಾಗಿ ಅರೆದು ಒಂದು ಹಿಡಿ. ಅಂಗೈ ಗುಳಿಯ ತುಂಬ ಉಪ್ಪು. ನಿನ್ನೆ ಕಾಯಿಸಿದ ಹಾಲಿನ ಕೆನೆಯನ್ನು ಬೇರೆ ಬಟ್ಟಲಲ್ಲಿ ಕಡೆದು, ತಪ್ಪಲೆಯಿಂದ ಒಂದು ಸೌಟು ಬಿಸಿ ಅದಕ್ಕೆ ಬೆರೆಸಿ, ಒಡೆಯದೆಂದು ನೋಡಿಕೊಂಡು, ನಿಧಾನವಾಗಿ ಸುರಿದಳು. ಸೌಟು ಎಳೆದರೆ ಗದ್ದೆಯಲ್ಲಿ ನೇಗಿಲು ಹೋದ ಹಾಗೆ ಗೆರೆ ಬಿದ್ದು ಮುಚ್ಚಿಕೊಳ್ಳುತ್ತಿತ್ತು. ನೋಡಲು ಚೆನ್ನಾಗಿತ್ತು. ಅವಳಿಗೆ ಗೊತ್ತಾಗುವುದು ಅಷ್ಟೇ.

ಮುರುಗಪ್ಪನವರು ಅತಿಥಿಗಳಿಗಾಗಿ ಎರಡು ಕೆಲಸ ಮಾಡಿದ್ದರು. ಒಂದು, ತಾಯಿಯನ್ನು ಅಡುಗೆಮನೆಯ ಬಾಗಿಲಿನಿಂದ ಎಬ್ಬಿಸಿ, ಇಳಕಲ್ಲು ಸೀರೆ ಉಡಿಸಿ ಜಗಲಿಯಲ್ಲಿ ಕೂರಿಸಿದ್ದರು. ಮನೆತನಕ್ಕೆ ಒಂದು ಹಿರಿತಲೆ ಕಾಣಬೇಕು. ಎರಡು, ಸಾಂಬ್ರಾಣಿ. ದೊಡ್ಡವರ ಮನೆಯಲ್ಲಿ ಹಾಕುತ್ತಾರೆಂದು ಅಷ್ಟನ್ನೂ ಒಂದೇ ಸಲ ಕೆಂಡಕ್ಕೆ ಸುರಿದಿದ್ದರಿಂದ ನಡುಮನೆಯಲ್ಲಿ ಕಂಬಕ್ಕೆ ಕಂಬ ಕಾಣುತ್ತಿರಲಿಲ್ಲ. ದಾಕ್ಷಾಯಣಮ್ಮ ಮಕ್ಕಳನ್ನು ಕರೆದುಕೊಂಡು ಹಿತ್ತಲಿಗೆ ಓಡಿದ್ದಳು.

ಆಲೂಗಡ್ಡೆ ಭಾರ. ಹಾಲಿನಲ್ಲಿ ತಳಕ್ಕೆ ಇಳಿದು ಕೂರುತ್ತದೆ. ಕೈ ಬಿಡಬಾರದು. ಆ ಹೊತ್ತಿಗೆ ಪಕ್ಕದ ಒಲೆಯಲ್ಲಿ ಅನ್ನ ಉಕ್ಕಿತು. ಕೊಟ್ರಮ್ಮ ಸೌಟು ಬಿಟ್ಟು ಅನ್ನ ಬಸಿಯಲು ಎದ್ದಳು. ತಳ ಹಿಡಿಯುವಾಗ ಪಾತ್ರೆಯ ಸದ್ದು ಬದಲಾಗುತ್ತದೆ, ಗುಳುಗುಳು ಹೋಗಿ ಬುಸ್ ಬುಸ್ ಬರುತ್ತದೆ. ಅವಳ ಕಿವಿ ಅದನ್ನು ಹಿಡಿಯುತ್ತಿತ್ತು. ಆದರೆ ಅದೇ ಗಳಿಗೆಗೆ ರೈಲು ಕೂಗಿತು, ಒಂದು ಸಲವಲ್ಲ, ಹಳಿಯ ಮೇಲೆ ಯಾರದೋ ಎಮ್ಮೆ ಮಲಗಿತ್ತಂತೆ, ಅದು ಏಳುವ ತನಕ. ಅವಳು ಮತ್ತೆ ಸೌಟು ಹಿಡಿದಾಗ ಮೇಲೆ ಕಂದು ಬಣ್ಣದ ಚೂರುಗಳು ತೇಲುತ್ತಿದ್ದವು. ಮೆಣಸು ಎಂದುಕೊಂಡಳು. ರುಚಿ ನೋಡಿದ್ದರೂ ತಿಳಿಯುತ್ತಿರಲಿಲ್ಲ, ನೋಡುವ ಹಾಗೂ ಇರಲಿಲ್ಲ. ಇಳಿಸಿ ಮುಚ್ಚಿಟ್ಟಳು.

ಮುರುಗಪ್ಪನವರ ಗಡಿಯಾರದ ಪ್ರಕಾರ ಏಳು ನಿಮಿಷ ತಪ್ಪು ಮಾಡಿದ ರೈಲಿನಿಂದ ನಾಗರಾಜಪ್ಪನವರು ಇಳಿದರು. ಬೂಟು, ಕರಿ ಕೋಟು, ಜರಿ ರುಮಾಲು.

“ಬರ್ರಿ ಮಾವಾರೆ, ಬರ್ರಿ. ಕುಂತ್ಕಳ್ರಿ” ಎಂದರು ಮುರುಗಪ್ಪನವರು. ಕುರ್ಚಿ ಒಂದೇ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ನಿಂತವರು ಚಿಕ್ಕವರಾಗುತ್ತಾರೆ. ಸ್ವಲ್ಪ ಹೊತ್ತು ಇಬ್ಬರೂ ನಿಂತೇ ಮಾತಾಡಿದರು. ಕೊನೆಗೆ ದ್ಯಾಮಮ್ಮ, “ಏನ್ರಿ ಬೀಗರೆ, ಕುರ್ಚಿಗೆ ಕಾವಲು ನಿಂತಿದೀರೇನು?” ಎಂದ ಮೇಲೆ ಒಳಗೆ ಹೋಗಿ ಮಣೆಯ ಮೇಲೆ ಕೂತರು.

ಎಲೆ ಹಾಕಿದರು. ಎಲ್ಲರೂ ಲಿಂಗ ಅಂಗೈಗೆ ತೆಗೆದುಕೊಂಡು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿ ಪೂಜಿಸಿಕೊಂಡರು. ದಾಕ್ಷಾಯಣಮ್ಮ ಕಂಚಿನ ಬಟ್ಟಲುಗಳಲ್ಲಿ ಸೂಪು ಬಡಿಸಿದಳು. ದ್ಯಾಮಮ್ಮನಿಗೂ ಒಂದು ಬಟ್ಟಲು, ಅವಳು ಕೂತ ಗೋಡೆಯ ಹತ್ತಿರವೇ.

ಕೊಟ್ರಮ್ಮ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಉಣ್ಣುವವರ ಮುಖವೇ ಅವಳ ನಾಲಗೆ. ಉಪ್ಪು ಕಡಿಮೆಯಾದರೆ ಕಣ್ಣು ಎಲೆಯ ಮೂಲೆಗೆ ಹೋಗುತ್ತದೆ. ಹುಳಿ ಹೆಚ್ಚಾದರೆ ಒಂದು ಕಣ್ಣು ಸಣ್ಣದಾಗುತ್ತದೆ. ನಾಗರಾಜಪ್ಪನವರು ಬಟ್ಟಲೆತ್ತಿ ಒಂದು ಗುಟುಕು ಕುಡಿದರು. ಮೊದಲು ಮೂಗು ನಿಂತಿತು. ಆಮೇಲೆ ಹುಬ್ಬು ಮೇಲೆ ಹೋಯಿತು. ಆಮೇಲೆ ಮೆಣಸು ಗಂಟಲಿಗೆ ತಾಗಿ ಕೆಮ್ಮು ಬಂತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರಾಡಿತು. ಇಂಥ ಮುಖವನ್ನು ಕೊಟ್ರಮ್ಮ ಓದಿದವಳಲ್ಲ. ಮುರುಗಪ್ಪನವರು ತಮ್ಮ ಬಟ್ಟಲನ್ನು ತುಟಿಯ ಹತ್ತಿರ ಹಿಡಿದು ಮಾವನ ಮುಖವನ್ನೇ ನೋಡುತ್ತಿದ್ದರು. ಒಂದು ಗಳಿಗೆ ತಾಲ್ಲೂಕು ಬೋರ್ಡು ಗಂಟಲಲ್ಲಿ ನಿಂತುಬಿಟ್ಟಿತ್ತು.

ಇಲ್ಲಿ ನಾಗರಾಜಪ್ಪನವರ ಸಂಕಟವನ್ನೂ ಹೇಳಬೇಕು. ಅವರು ಜನ್ಮದಲ್ಲಿ ಸೂಪು ಕುಡಿದಿರಲಿಲ್ಲ. ಬಂಗಲೆಯಲ್ಲಿ ಅವರ ಜಾಗ ಅಡುಗೆಕೋಣೆಯ ಪಕ್ಕದ ವರಾಂಡ. ಬಿಲ್ಲಿಗೆ ಸಹಿ ಆಗುವ ತನಕ ನಿಂತಿರುತ್ತಿದ್ದರು. ಅದನ್ನು ಮಾಡುವ ಬಗೆಯನ್ನು ಬಟ್ಲರನ ಬಾಯಿಂದ ಕೇಳಿದ್ದರು, ಅಷ್ಟೆ. ಸೂಪು ಅವರ ಪಕ್ಕದಲ್ಲಿ ಹಾದು ಒಳಗೆ ಹೋಗುತ್ತಿತ್ತು. ಅದರ ಜೊತೆಗೆ ಅವರ ಮೂಗಿಗೆ ಬಂದದ್ದು ಒಲೆಯ ಹೊಗೆ ಮತ್ತು ದೊರೆಯ ಚುಟ್ಟದ ಹೊಗೆ. ಈಗ ಬಟ್ಟಲಿನಲ್ಲಿ ಎದ್ದ ಹೊಗೆಯ ವಾಸನೆ ಅವರಿಗೆ ಗುರುತು ಸಿಕ್ಕಿತು.

“ಇದೇ!” ಎಂದರು. “ಅಳಿಯಂದ್ರೆ, ಇದೇ ನೋಡ್ರಿ! ಆಲ್‌ರೈಟ್! ಈ ಹೊಗೆ ಹೊಗೆ ಐತಲ್ಲ, ಇದು ಬರಾಕೆ ದೊರೆ ಬಟ್ಲರೇ ಬೇಕು. ನಮ್ಮನೇಲಿ ಎಷ್ಟು ಸಲ ಮಾಡ್ಸಿದೀನಿ, ಬರಾಕಿಲ್ಲ.”

ಮುರುಗಪ್ಪನವರು ಗಟಗಟ ಕುಡಿದರು. “ನಂಗೂ ಹಂಗೇ ಅನ್ಸಿತ್ತು. ಹೊಗೆ ಚೆನ್ನಾಗಿ ಬಂದೈತೆ.” ಅವರ ಕಣ್ಣಿನಿಂದಲೂ ನೀರು ಇಳಿಯಿತು, ಮೆಣಸಿಗೆ ಬೋರ್ಡಿನ ಭೇದವಿಲ್ಲ.

“ಇನ್ನೊಂದು ಬಟ್ಲು ಹಾಕಮ್ಮ ದಾಕ್ಷಾಯಣಿ” ಎಂದರು ನಾಗರಾಜಪ್ಪನವರು. ಹೇಳಿದ ಮೇಲೆ ಅದು ಅವರಿಗೇ ಕಷ್ಟವೆನ್ನಿಸಿರಬೇಕು, ಆದರೆ ಹೇಳಿಯಾಗಿತ್ತು. “ಮಾಡಿದೋರು ಯಾರು? ಕೊಟ್ರಮ್ಮಾರಾ? ಕರೀರಿ. ನಮ್ಮ ಅಡುಗೆಯೋಳಿಗೆ ಹೇಳ್ಬೇಕು. ತಂಗೇವ್ವ, ಆ ಹೊಗೆ ವಾಸನೆ ಹೆಂಗೆ ತಂದ್ರಿ?”

ಕೊಟ್ರಮ್ಮ ಬಾಗಿಲಿಗೆ ಬಂದು ನಿಂತಳು. “ಯಾವ ವಾಸನೆ?” ಎಂದಳು.

“ಹೊಗೆ ವಾಸನೆ. ಮನೆ ತುಂಬೈತಲ್ಲ.”

ಆ ಹೊತ್ತಿಗೆ ದ್ಯಾಮಮ್ಮ ತನ್ನ ಬಟ್ಟಲನ್ನು ಮೂಗಿನ ಹತ್ತಿರ ತಂದಿದ್ದಳು. ಸಾಂಬ್ರಾಣಿಯೂ ಅಷ್ಟು ಹೊತ್ತಿಗೆ ಇಳಿದಿತ್ತು. “ಅಯ್ಯೋ ಶಿವನೆ! ತಳ ಹಿಡಿದೈತೆ ಕಣೇ ಇದು! ಸೀದು ಕರಿಕಾಗೈತೆ! ಏನೇ ಕೊಟ್ರಿ, ಒಲೆ ಮುಂದೇನೇ ಕುಂತಿದ್ದಲ್ಲೇ, ನಿಂಗೆ ತಿಳೀಲಿಲ್ವ?”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕೊಟ್ರಮ್ಮನಿಗೆ ಹೊಸದುರ್ಗದ ನಡುಮನೆಯ ಮೂಲೆ ಕಣ್ಣ ಮುಂದೆ ಬಂತು, ಚಾಪೆ, ಅದರ ಹರಿದ ಅಂಚು. ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಬೇಕಂತಲೇ ಹಿಡಿಸಿದೆ ಎಂದರೆ ಸಾಕಿತ್ತು. ಆದರೆ ಸುಳ್ಳಿಗೂ ಒಂದಿಷ್ಟು ಕಸುವು ಬೇಕು. ಅವಳಲ್ಲಿ ಅದು ಇರಲಿಲ್ಲ.

“ಇಲ್ಲತ್ತೆ. ನಂಗೆ ವಾಸನೆ ತಿಳಿಯಾಕಿಲ್ಲ. ರುಚಿನೂ ತಿಳಿಯಾಕಿಲ್ಲ. ಜ್ವರ ಬಂದಾಗ್ಲಿಂದ. ಎರಡು ವರ್ಷ ಆತು.”

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಗಾಡಿ ಕಟ್ಟಬೇಕಿತ್ತು. ಆದರೆ ನಾಗರಾಜಪ್ಪನವರ ಪರಿಸ್ಥಿತಿ ನೋಡಿ. ಸೂಪು ಸೀದಿದೆ ಎಂದಾದರೆ ಅವರು ಈಗಷ್ಟೇ ಸೀದದ್ದನ್ನು ದೊರೆಯ ಬಂಗಲೆಯ ಸೂಪು ಎಂದು ಹೊಗಳಿದಂತಾಯಿತು. ಮುರುಗಪ್ಪನವರ ಪರಿಸ್ಥಿತಿ ಇನ್ನೂ ಕಷ್ಟ. ಮಾವ ತಪ್ಪು ಹೇಳಿದರು ಎಂದರೆ ಮೆಂಬರಿಕೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬೀಗ್ತ್ಯಾರೆ,” ನಾಗರಾಜಪ್ಪನವರು ನಿಧಾನವಾಗಿ ಶುರು ಮಾಡಿದರು, “ನಿಮಗೆ ಇದ್ರ ಅಭ್ಯಾಸ ಇಲ್ಲ. ಸೀಯೋದು ಬ್ಯಾರೆ, ಇದು ಬ್ಯಾರೆ. ದೊರೆಗಳು ಇದಕ್ಕೇ ಸಂಬಳ ಕೊಡ್ತಾರೆ.”

“ಸೀಸಾಕೆ ಸಂಬಳಾನಾ?”

“ಅವ್ವ, ನೀನು ಸುಮ್ನಿರು,” ಎಂದರು ಮುರುಗಪ್ಪನವರು. “ಮಾವಾರು ದಿನಾ ಕುಡಿಯೋರು. ನಿಂಗೆ ಗೊತ್ತಾ, ಅವರಿಗೆ ಗೊತ್ತಾ?”

“ಅಲ್ಲ ಕಣ್ಲಾ, ಅವಳು ಏನಂದ್ಲು ಕೇಳಿದ್ಯಾ? ಮೂಗು ಇಲ್ಲ ಅಂತಾಳೆ, ನಾಲಿಗೆ ಇಲ್ಲ ಅಂತಾಳೆ!”

“ಅದು ವಿನಯ.” ಮುರುಗಪ್ಪನವರು ಕೈಯಾಡಿಸಿದರು. “ನಮ್ಮ ಅತ್ತಿಗೆದು ಮೊದ್ಲಿಂದ ಹಂಗೇ. ಹೊಗಳಿದ್ರೆ ನಂಗೇನೂ ಗೊತ್ತಿಲ್ಲ ಅಂತಾರೆ.”

“ಹಾಂ, ವಿನಯ,” ನಾಗರಾಜಪ್ಪನವರಿಗೆ ಉಸಿರು ಬಂತು. “ದೊಡ್ಡ ಮನೆತನ ಅಂದ್ರೆ ಹಿಂಗೇ. ರುಚಿ ತಿಳೀದೋರಿಗೆ ಹಿಂಗೆ ಮಾಡಾಕೆ ಆಗ್ತೈತಾ?”

ಕೊಟ್ರಮ್ಮ ಇನ್ನೊಮ್ಮೆ ಹೇಳಿದಳು: “ನಿಜವಾಗ್ಲೂ ತಿಳಿಯಾಕಿಲ್ಲ.”

“ನೋಡ್ರಿ, ಮತ್ತೆ!” ಎಂದು ನಾಗರಾಜಪ್ಪನವರು ನಕ್ಕರು. “ಶಿವರಾತ್ರಿಗೆ ಮುಂಚೆ ನಮ್ಮ ಓವರ್‌ಸೀಯರ್ ಸಾಹೇಬ್ರನ್ನ ಕರ್ಕಂಬರ್ತೀನಿ. ಇದೇ ಸೂಪು, ಇದೇ ಕೈಯಾಗೆ. ಏನಂತೀರಿ ಅಳಿಯಂದ್ರೆ?”

“ಅತ್ತಿಗೆ ಎಲ್ಲಿಗೋಗ್ತಾರೆ? ಇಲ್ಲೇ ಇರ್ತಾರೆ” ಎಂದರು ಮುರುಗಪ್ಪನವರು. ದೀಪಾವಳಿಯಿಂದ ಮಾತಾಡುತ್ತಿದ್ದ ಹೊಸದುರ್ಗ ಅವರ ಬಾಯಿಂದ ಹಾಗೆ ಅಳಿಸಿಹೋಯಿತು. ಎರಡು ವರ್ಷ ಬಚ್ಚಿಟ್ಟ ಮಾತನ್ನು ಕೊಟ್ರಮ್ಮ ಪಂಕ್ತಿಯ ನಡುವೆ ಎರಡು ಸಲ ಬಿಚ್ಚಿ ಹೇಳಿದ್ದಳು. ಇಬ್ಬರು ದೊಡ್ಡವರು ಕೂತು ಅದು ಸುಳ್ಳೆಂದು ಇತ್ಯರ್ಥ ಮಾಡಿದರು. ಅವಳು ಒಳಗೆ ಹೋಗಿ ಅನ್ನದ ತಪ್ಪಲೆ ತಂದು ಕೊಟ್ಟಳು.

ನಾಗರಾಜಪ್ಪನವರು ಎರಡನೆಯ ಬಟ್ಟಲನ್ನೂ ಮುಗಿಸಿದರು. ಅದನ್ನು ಧೈರ್ಯ ಎನ್ನಬೇಕು. ಸಂಜೆಯ ರೈಲಿಗೆ ಹೋಗುವಾಗ ಎದೆ ನೀವಿಕೊಳ್ಳುತ್ತಿದ್ದರು. (ಮೆಂಬರಿಕೆ ಆ ವರ್ಷ ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರಿಗೆ ಹೋಯಿತು. ಅವರು ಯಾರಿಗೂ ಸೂಪು ಕುಡಿಸಿರಲಿಲ್ಲ.)

ಎಲ್ಲರದೂ ಆದ ಮೇಲೆ ಕೊಟ್ರಮ್ಮ ಉಳಿದದ್ದನ್ನು ಬಟ್ಟಲಿಗೆ ಹಾಕಿಕೊಂಡು ಒಲೆಯ ಪಕ್ಕ ಕೂತು ಕುಡಿದಳು. ಬಿಸಿ ಆರಿತ್ತು. ದಪ್ಪಗೆ ನುಣ್ಣಗೆ ಇಳಿಯಿತು, ಹಿಂದೆಯೇ ಮೆಣಸು ಉರಿಯಿತು. ಇಲ್ಲಿ ಅವಳು ಅತ್ತಳೆಂದು ಬರೆದರೆ ಕಥೆಗೆ ಕಳೆ ಬರುತ್ತಿತ್ತು. ಅಳಲಿಲ್ಲ. ಮೂಗು ಸೋರಿತು, ಸೆರಗಿನಿಂದ ಒರೆಸಿಕೊಂಡಳು.

ದಾಕ್ಷಾಯಣಮ್ಮ ಎಲೆ ಎತ್ತಿ ಹಾಕಿ ಬಂದು ಹತ್ತಿರ ಕೂತಳು. “ಅಕ್ಕ, ನಿಜ ಹೇಳು. ತಿಳಿಯಾಕಿಲ್ವಾ?”

“ಇಲ್ಲ.”

“ಉಪ್ಪು?”

“ಇಲ್ಲ.”

“ಮೊನ್ನೆ ಮಾಡಿದ ಎಣ್ಣೆಗಾಯಿ? ಅದೂ ಹಂಗೇ ಮಾಡಿದ್ದಾ?”

“ಹೂಂ.”

ದಾಕ್ಷಾಯಣಮ್ಮ ಬರಿದಾದ ಬಟ್ಟಲನ್ನು ಕೈಗೆ ತೆಗೆದುಕೊಂಡಳು. “ನಂಗೆ ಎಲ್ಲಾ ತಿಳೀತೈತೆ. ಆದ್ರೂ ನಾನು ಮಾಡಿದ್ದು ನಾಯಿ ಮುಟ್ಟಲ್ಲ. ಏನ್ ಬಂತು ನನ್ ನಾಲಿಗೇಗೆ?” ಎಂದು ಎದ್ದು ಹೋದಳು. ಅವಳಿಗೆ ನಿಜವಾಗಿ ಬೇಜಾರಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಕೊಟ್ರಮ್ಮ ಹಿತ್ತಲಲ್ಲಿ ತಪ್ಪಲೆ ಉಜ್ಜುತ್ತಿದ್ದಳು. ತಳದಲ್ಲಿ ಕರಿ ಹಪ್ಪಳದಂಥದು ಅಂಟಿತ್ತು. ಬೂದಿ, ಹುಣಸೆಹಣ್ಣು, ತೆಂಗಿನ ನಾರು, ಯಾವುದಕ್ಕೂ ಜಗ್ಗುತ್ತಿರಲಿಲ್ಲ. ದ್ಯಾಮಮ್ಮ ಇಳಕಲ್ಲು ಸೀರೆ ಬಿಚ್ಚಿ ಹಳೆಯದನ್ನು ಉಟ್ಟು ಬಂದು, ಒಗೆಯುವ ಕಲ್ಲಿನ ಮೇಲೆ ಕೂತಳು. ತುಂಬ ಹೊತ್ತು ಏನೂ ಹೇಳಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಸಂಗತಿ.

“ಹೆಪ್ಪಿನ ಮಾತು,” ಎಂದಳು ಕೊನೆಗೆ. “ಊರೆಲ್ಲ ಹೇಳ್ಕಂಡು ಬಂದೆ ನಾನು.”

“ಗೊತ್ತು.”

“ಗೊತ್ತಿತ್ತಾ? ಮತ್ಯಾಕೆ ಒಂದಿನನೂ ಹೇಳ್ಲಿಲ್ಲ, ಹಿಂಗಾಗೈತೆ ಅಂತ?”

“ಏನಂತ ಹೇಳ್ಲಿ ಅತ್ತೆ? ನಿಮ್ಮ ಮಗ ಹೋದ್ರು ಅಂತ ನೀವು ಅಳ್ತಿದ್ರಿ. ನಂದು ಮೂಗು ಹೋತು ಅಂತ ನಾನು ಬಂದು ಹೇಳ್ಲಾ?”

ಹಿತ್ತಲ ಬೇಲಿಯಾಚೆ ಯಾರೋ ದನ ಹೊಡೆದುಕೊಂಡು ಹೋದರು. ಕೊಟ್ರಮ್ಮ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.

“ಕೊಡು ಇಲ್ಲಿ,” ಎಂದು ದ್ಯಾಮಮ್ಮ ತಪ್ಪಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ನಾಳೆ ಏನ್ ಮಾಡ್ತೀಯ?”

“ಹುರುಳಿ ಸಾರು.”

“ಹಂಗಾದ್ರೆ ಹೋಗು, ಕಾಳು ಆರ್ಸಿ ನೆನೆ ಹಾಕು. ಹೊತ್ತಾತು.”

ಕೊಟ್ರಮ್ಮ ಕೈ ತೊಳೆದುಕೊಂಡು ಒಳಗೆ ಹೋದಳು. ಮೊರಕ್ಕೆ ಹುರುಳಿ ಸುರಿದು, ದೀಪದ ಹತ್ತಿರ ಎಳೆದುಕೊಂಡು, ಕಲ್ಲು ಆರಿಸಲು ಕೂತಳು.